ಓದೋಕೆ ಒಂದು ಜಾಗ



ಬಾಬಾಸಾಹೇಬರ ಪುಸ್ತಕ ಪ್ರೀತಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ಅವರು ಕೂತು ಓದಿದ ಜಾಗದ ಬಗ್ಗೆ ಮಾತಾಡೋರು ಕಡಿಮೆ.

ಮುಂಬೈನ ಪರೇಲ್ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಮಗ ಬೇಗ ಮಲಗಬೇಕು. ಅಪ್ಪ ರಾಮ್‌ಜಿ ರಾತ್ರಿ ಎರಡರವರೆಗೆ ಎಚ್ಚರವಿದ್ದು, ಮಗನನ್ನ ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಸಂಜೆ ಚರ್ನಿ ರೋಡ್ ಉದ್ಯಾನದಲ್ಲಿ ಓದುತ್ತಿದ್ದ ಈ ಹುಡುಗನನ್ನ ಗುರುತಿಸಿದವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್. ತಾವೇ ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನ ಅವರ ಕೈಗಿತ್ತರು. ಆ ಓದು 1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷೆಯವರೆಗೂ ನಡೆಯಿತು. ನಡುವೆ ದಾದರಿನಲ್ಲಿ ರಾಜಗೃಹ ಕಟ್ಟಿಸಿದ್ದೂ ಪುಸ್ತಕಗಳಿಗೆ ಜಾಗ ಬೇಕು ಅಂತಲೇ.

ನಮ್ಮ ಕವಿ ಸಿದ್ಧಲಿಂಗಯ್ಯನವರಿಗೆ ಸಿಕ್ಕ ಜಾಗ ಬೆಂಗಳೂರು ಶ್ರೀರಾಮಪುರದ ಸ್ಮಶಾನ. ಅಲ್ಲಿ ಕೂತು ಓದಿದ ಹುಡುಗನೇ 1975ರಲ್ಲಿ ‘ಹೊಲೆಮಾದಿಗರ ಹಾಡು’ ಕೊಟ್ಟದ್ದು.

ನಾನು ಗೋವಿನಕೋವಿಯವನು, ಗುಮಾಸ್ತ. ನಾನಿದ್ದ ಹಾಸ್ಟೆಲ್ಲಿನ ಪುಸ್ತಕದ ಬೀರುವಿಗೆ ಸದಾ ಬೀಗ. ಅದಕ್ಕೇ ಹೇಳ್ತೀನಿ: ಮಕ್ಕಳು ಓದಲ್ಲ ಅಂತ ಬೈಯೋಕೆ ಮುಂಚೆ, ಎಲ್ಲಿ ಕೂತು ಓದಬೇಕು ಅಂತ ಕೇಳೋಣ. ಕೇರಿಯ ಅಂಬೇಡ್ಕರ್ ಭವನ ಮದುವೆಗೆ, ಜಯಂತಿಗೆ ಮಾತ್ರ ತೆರೆದರೆ ಸಾಲದು. ದಿನಾ ಸಂಜೆ ಒಂದು ದೀಪ, ಒಂದು ಚಾಪೆ, ಬೀಗ ಇಲ್ಲದ ಒಂದು ಬೀರು ಇರಲಿ. ನಿಮ್ಮೂರಲ್ಲಿ ಇದೆಯಾ?