ಕೊಳೆರೋಗದ ಬೆನ್ನು ಹತ್ತಿ ಬಂದ ಶಾಸ್ತ್ರ

ಸಸ್ಯಶಾಸ್ತ್ರ ವಿಭಾಗದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಟ್ಟಡದಿಂದ ಶುರು ಮಾಡುತ್ತಾರೆ, ಇಲ್ಲವೇ ಮೊದಲ ಪ್ರಾಧ್ಯಾಪಕರ ಹೆಸರಿನಿಂದ. ಆ ಲೆಕ್ಕ ಹಿಡಿದರೆ ನಮ್ಮ ಕಥೆ 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಶುರುವಾಗಬೇಕು. ಅದರ ವಿಜ್ಞಾನ ಬೆಳೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿ ಎಂ.ಎ. ಸಂಪತ್ಕುಮಾರನ್ ಸಸ್ಯಶಾಸ್ತ್ರ ಕಲಿಸಿದರು. ಅಲ್ಲೇ ಓದಿದ ಬಿ.ಜಿ.ಎಲ್. ಸ್ವಾಮಿ ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು, ‘ಹಸುರು ಹೊನ್ನು’ ಬರೆದು ಗಿಡದ ಹೆಸರು ಕೇಳಿದರೆ ಆಕಳಿಸುತ್ತಿದ್ದವರನ್ನೂ ಘಟ್ಟದ ಕಾಡು ಹತ್ತಿಸಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದ ನನಗೆ ಈ ವಂಶಾವಳಿ ಬಾಯಿಪಾಠ. ಆದರೆ ನಿವೃತ್ತಿಯಾಗಿ ಜಯಪುರದ ತೋಟಕ್ಕೆ ಬಂದು ಕೂತ ಮೇಲೆ ನನ್ನ ಲೆಕ್ಕ ಬದಲಾಗಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಈ ಸೀಮೆಗೆ ಸಸ್ಯಶಾಸ್ತ್ರವನ್ನು ಕರೆತಂದದ್ದು ವಿಶ್ವವಿದ್ಯಾಲಯವಲ್ಲ, ರೋಗ.

ಮೊದಲು ಕರೆದದ್ದು ಕೊಳೆರೋಗ. ಆರಿದ್ರೆಯಲ್ಲಿ ಹಿಡಿದ ಮಳೆ ಪುಷ್ಯ, ಆಶ್ಲೇಷ ದಾಟಿದರೂ ಬಿಡದ ವರ್ಷ ಅಡಿಕೆಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಏಳುತ್ತದೆ. ಕಾಯಿಯ ಹಸಿರು ಮಂಕಾಗಿ, ಮೇಲೆ ಬಿಳಿ ಬೂಷ್ಟು ಕೂತು, ಎಳೆಕಾಯಿಗಳೆಲ್ಲ ಬುಡಕ್ಕೆ ಉದುರುತ್ತವೆ. ಹಿಂದಿನವರು ಮಳೆಗೆ ಮುಂಚೆ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿಸುತ್ತಿದ್ದರು. ಹಾಳೆಯದೋ ಹುಲ್ಲಿನದೋ ಆ ಹೊದಿಕೆ ನೀರನ್ನು ತಡೆಯುತ್ತಿತ್ತು. ನೀರು ತಾಗದಿದ್ದರೆ ಕೊಳೆ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೊಳೆಸುವುದು ಏನು ಎಂಬುದು ಗೊತ್ತಿರಲಿಲ್ಲ.

ಅದನ್ನು ಹುಡುಕಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನ ಅವರನ್ನು 1908ರಲ್ಲಿ ಬೂಷ್ಟು ಮತ್ತು ಕೀಟಗಳ ತಜ್ಞರಾಗಿ ನೇಮಿಸಿಕೊಂಡಿತು. 1910ರಲ್ಲಿ, ವಿಶ್ವವಿದ್ಯಾಲಯಕ್ಕಿಂತ ಆರು ವರ್ಷ ಮುಂಚೆ, ಅಡಿಕೆಯ ಕೊಳೆರೋಗದ ಮೇಲಿನ ಅವರ ಬುಲೆಟಿನ್ ಅಚ್ಚಾಯಿತು. ರೋಗಕ್ಕೆ ಕಾರಣ ಫೈಟಾಫ್ತೊರಾ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಬರಗಾಲ ತಂದ ಕುಲದ್ದೇ. ಕೋಲ್ಮನ್ ಸೂಚಿಸಿದ ಮದ್ದು ಬೋರ್ಡೋ ದ್ರಾವಣ.

ಈ ಮದ್ದಿನ ಮೂಲದಲ್ಲಿ ಮಾತ್ರ ನಿಜವಾಗಿ ಒಬ್ಬ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಿದ್ದಾರೆ, ಫ್ರಾನ್ಸಿನ ಬೋರ್ಡೋದ ಪಿಯರ್ ಮಿಲಾರ್ಡೆ. ಅಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಎರಚಿದ ಬಳ್ಳಿಯಲ್ಲಿ ಎಲೆ ಉಳಿದಿದೆ, ಒಳಗಿನ ಸಾಲುಗಳಲ್ಲಿ ಬೂಷ್ಟು ಬಂದು ಉದುರಿದೆ ಎಂಬುದನ್ನು ಅವರು 1882ರಲ್ಲಿ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಕಲಸಿದ್ದು ನಮ್ಮ ಅಡಿಕೆಗೆ ಕಾವಲಾಯಿತು.

ಇವತ್ತಿಗೂ ಮಳೆ ಹಿಡಿಯುವ ಮುಂಚೆ ನಮ್ಮ ಅಂಗಳದಲ್ಲಿ ಎರಡು ಡ್ರಮ್ ಕೂರುತ್ತವೆ. ಒಂದರಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಹೊಯ್ಯುತ್ತ ಕೋಲಿನಲ್ಲಿ ತಿರುವಬೇಕು. ಆಮೇಲೆ ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಅದು ಎಳೆಕಾಯಿಯನ್ನು ಸುಡುತ್ತದೆ. ಇನ್ನಷ್ಟು ಸುಣ್ಣ ಬೇಕು. ನಮ್ಮ ಕೊನೆಗಾರ ಅದ್ದಿದ ಕತ್ತಿ ನೋಡಿ, “ಇನ್ನೊಂದು ಮುಷ್ಟಿ ಹಾಕಿ ಮೇಷ್ಟ್ರೇ” ಅನ್ನುತ್ತಾನೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಷ್ಟು ಚೊಕ್ಕವಾಗಿ ಫಲಿತಾಂಶ ಓದಿದ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಎರಡನೆಯ ಕರೆ ಕಾಫಿಯದು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿಯ ಕಾಫಿಯನ್ನೇ ಮುಗಿಸಿ ಟೀಗೆ ಜಾಗ ಮಾಡಿಕೊಟ್ಟಿತು. ನಮ್ಮ ಗುಡ್ಡಗಳಿಗೂ ಬಂತು. 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. ಕಾಫಿಯ ಎಲೆರೋಗಗಳಿಗೆ ದಾರಿ ಹುಡುಕುವುದೇ ಅದರ ಕೆಲಸ. 1925ರಲ್ಲಿ ಅದು ಬಾಳೆಹೊನ್ನೂರಿನ ಬಳಿ ಪ್ರಯೋಗ ಕೇಂದ್ರವಾಗಿ ನೆಲೆಯೂರಿತು. ತುಕ್ಕಿನ ಶಿಲೀಂಧ್ರ ಒಂದೇ ಜಾತಿಯದಾದರೂ ಅದರಲ್ಲಿ ಬೇರೆಬೇರೆ ತಳಿಗಳಿವೆ, ಒಂದಕ್ಕೆ ಜಗ್ಗದ ಗಿಡ ಇನ್ನೊಂದಕ್ಕೆ ಸೋಲುತ್ತದೆ ಎಂದು ಡಬ್ಲ್ಯು.ಡಬ್ಲ್ಯು. ಮೇನ್ 1930ರ ದಶಕದಲ್ಲಿ ತೋರಿಸಿದ್ದು ಈ ಕೇಂದ್ರದ ಕೆಲಸದಿಂದಲೇ. ಕಾಫಿ ಬೆಳೆಯುವ ದೇಶಗಳೆಲ್ಲ ಇವತ್ತಿಗೂ ಆ ಪಾಠದ ಮೇಲೆ ನಿಂತಿವೆ. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್.795 ತಳಿಯನ್ನು ನಮ್ಮ ಕಡೆ ಹೆಸರು ಹಿಡಿದು ಹೇಳಬೇಕಾಗಿಲ್ಲ, ‘ಏಳು ತೊಂಬತ್ತೈದು’ ಅಂದರೆ ಸಾಕು.

ವಿಶ್ವವಿದ್ಯಾಲಯ ಬಂದದ್ದು ತಡವಾಗಿ. ಜಿಲ್ಲೆಯ ಗಿಡಮರಗಳನ್ನೆಲ್ಲ ವಿವರಿಸಿದ ಚಿಕ್ಕಮಗಳೂರು ಸಸ್ಯಸಂಪತ್ತಿನ ಗ್ರಂಥ ಅಚ್ಚಾದದ್ದು 1981ರಲ್ಲಿ. ಎಸ್.ಎನ್. ಯೋಗನರಸಿಂಹನ್ ಮತ್ತು ಕೆ. ಸುಬ್ರಹ್ಮಣ್ಯಂ ಅವರ ಜೊತೆ ಮೈಸೂರು ವಿಶ್ವವಿದ್ಯಾಲಯದ ಬಿ.ಎ. ರಾಜಿ ಅದರ ಕರ್ತೃ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾಗಿ ನಮ್ಮ ಕಾಲೇಜುಗಳು ಅದರ ಅಡಿಗೆ ಬಂದವು.

ಇಷ್ಟಾದರೂ ರೋಗ ತನ್ನ ಕೆಲಸ ಬಿಟ್ಟಿಲ್ಲ. ಶೃಂಗೇರಿ, ಕೊಪ್ಪದ ಅಡಿಕೆ ತೋಟಗಳನ್ನು ದಶಕಗಳಿಂದ ಸವೆಸುತ್ತಿರುವ ಹಳದಿ ಎಲೆ ರೋಗಕ್ಕೆ ಮದ್ದು ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿದೆ. ಇವನ್ನು ಕಣ್ಣಾರೆ ನೋಡಿ ಕಲಿಯಬೇಕಾದ ಕಾಲೇಜುಗಳ ಕ್ಯಾಲೆಂಡರಿನ ಮೇಲೆ ನನ್ನ ತಕರಾರು. ಸಸ್ಯಶಾಸ್ತ್ರದ ಶೈಕ್ಷಣಿಕ ಪ್ರವಾಸ ಎಂದರೆ ಮಳೆ ನಿಂತು, ಹೂ ಬಿಟ್ಟು, ಬಸ್ಸು ಗುಡ್ಡ ಹತ್ತುವ ಕಾಲಕ್ಕೇ ಹೊರಡಬೇಕು ಎಂಬುದು ರೂಢಿ. ಹರ್ಬೇರಿಯಮ್ ಹಾಳೆ ತುಂಬಲು ಅದು ಸರಿಯೇ. ರೋಗ ನೋಡಬೇಕಾದರೆ ಪುಷ್ಯ ಮಳೆಯಲ್ಲಿ ಬರಬೇಕು, ಕೊಡೆ ಮತ್ತು ಉಪ್ಪು ತುಂಬಿದ ಡಬ್ಬಿ ಹಿಡಿದು. ಉಪ್ಪು ಉಂಬಳಕ್ಕೆ. ಬಂದವರಿಗೆ ಊಟ, ಕಂಬಳಿ ನಮ್ಮದು.