ಬೀದರ ನೆಲದ ಮನೆಲೆಕ್ಕ

ಮನೆಯ ಆಯವ್ಯಯವನ್ನು ಬರೆದಿಡುವುದು ಹೊಸ ಕಾಲ ನಮಗೆ ಕಲಿಸಿದ ಅಭ್ಯಾಸವೆಂದು ಹಲವರು ತಿಳಿದಿದ್ದಾರೆ. ತಿಂಗಳ ಸಂಬಳ, ಬ್ಯಾಂಕಿನ ಪಾಸ್‌ಬುಕ್ಕು, ಜೀವವಿಮೆಯ ಕಂತು ಬಂದ ಮೇಲೆ ಲೆಕ್ಕದ ಪುಸ್ತಕವೂ ಬಂತೆಂಬುದು ಅವರ ಎಣಿಕೆ. ಬೀದರ ಸೀಮೆಯ ಚರಿತ್ರೆ ಬಲ್ಲವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಈ ನೆಲದಲ್ಲಿ ಜನ ಇಂದಿಗೂ ನೆನೆಯುವ ಮೂರು ಕಥೆಗಳು ಲೆಕ್ಕಕ್ಕೆ ಸಂಬಂಧಿಸಿದವು. ಮೂರರಲ್ಲಿಯೂ ಒಬ್ಬ ಅಧಿಕಾರಿಯ ಮೇಲೆ ಅಪವಾದ ಬರುತ್ತದೆ, ಅರಸನು ಲೆಕ್ಕ ಕೇಳುತ್ತಾನೆ, ಲೆಕ್ಕವೇ ಸಾಕ್ಷಿ ನುಡಿಯುತ್ತದೆ.

ಮೊದಲನೆಯದು ಹನ್ನೆರಡನೆಯ ಶತಮಾನದ ಕಲ್ಯಾಣದ್ದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಹೊಟ್ಟೆಕಿಚ್ಚಿನವರು ದೂರಿದರು. ಭಂಡಾರವನ್ನು ತೆರೆಸಿ ಎಣಿಸಿದಾಗ ಒಂದು ಹಣವೂ ಕಡಿಮೆ ಬೀಳಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಎರಡನೆಯದು ಬಹಮನಿಗಳ ಕಾಲದ್ದು. ಬೀದರಿನ ಸುಲ್ತಾನನ ಅಧಿಕಾರಿಯಾಗಿ ಮಂಗಳವೇಢೆಯಲ್ಲಿದ್ದ ದಾಮಾಜಿಪಂತನು ಬರಗಾಲದಲ್ಲಿ ಸರ್ಕಾರಿ ಕಣಜವನ್ನು ಹಸಿದವರಿಗೆ ತೆರೆದುಬಿಟ್ಟ. ಪಂಢರಪುರದ ವಿಠ್ಠಲನೇ ಮಹಾರನ ವೇಷದಲ್ಲಿ ಬೀದರಿಗೆ ಬಂದು ಧಾನ್ಯದ ಬೆಲೆಯನ್ನು ಕಟ್ಟಿ ರಸೀದಿ ಪಡೆದು ಹೋದನಂತೆ. ಈ ಕಥೆಯ ರಸೀದಿ ನನಗೆ ಬಹಳ ಪ್ರಿಯವಾದುದು. ಬೀದರಿನ ಕಚೇರಿಯಲ್ಲಿ ಹಣ ಕಟ್ಟಿದವನು ದೇವರೇ ಆದರೂ ಕಾಗದ ಪಡೆಯದೆ ಹಿಂದಿರುಗಬಾರದೆಂಬ ಲೋಕಾನುಭವ ಅದರಲ್ಲಿದೆ.

ಮೂರನೆಯದು ಪುರಾಣವಲ್ಲ, ಇತಿಹಾಸ. ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನನ್ನು 1481ರ ಏಪ್ರಿಲ್ 5ರಂದು ಮೂರನೆಯ ಮುಹಮ್ಮದ್ ಶಹನು ಕೊಲ್ಲಿಸಿದನು. ಗವಾನನು ಜಮೀನನ್ನು ಅಳೆಯಿಸಿ ಕಂದಾಯ ಗೊತ್ತುಮಾಡಿದ್ದ. ನಾಲ್ಕು ತರಫುಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಬಲವನ್ನು ಮೊಟಕುಗೊಳಿಸಿದ್ದ. ಬಲ ಕಳೆದುಕೊಂಡವರು ಅವನ ಮುದ್ರೆಯನ್ನು ಬರಿಯ ಕಾಗದಕ್ಕೆ ಒತ್ತಿಸಿಕೊಂಡು, ಒರಿಸ್ಸದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರವನ್ನು ಬರೆದರು. ಅರಸನು ವಿಚಾರಿಸಲಿಲ್ಲ. ಶಿರಚ್ಛೇದವಾಯಿತು.

ಆಮೇಲೆ ಅರಸನಿಗೆ ಮಂತ್ರಿಯ ಐಶ್ವರ್ಯದ ನೆನಪಾಯಿತು. ಅವನ ಖಜಾಂಚಿಯನ್ನು ಕರೆಸಿ, ಅಷ್ಟು ವರ್ಷದ ಗಳಿಕೆ ಎಲ್ಲಿ ಎಂದು ಕೇಳಿದನು. ಖಜಾಂಚಿ ಕೊಟ್ಟ ಉತ್ತರವನ್ನು ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. ಗವಾನನು ಎರಡು ಖಜಾನೆಗಳನ್ನು ಇಟ್ಟಿದ್ದ. ಒಂದಕ್ಕೆ ಅರಸನ ಖಜಾನೆಯೆಂದೂ ಇನ್ನೊಂದಕ್ಕೆ ಬಡವರ ಖಜಾನೆಯೆಂದೂ ಹೆಸರು. ಜಹಗೀರಿನ ಉತ್ಪನ್ನದಿಂದ ಸೈನ್ಯದ ಸಂಬಳ, ಆನೆ ಕುದುರೆಗಳ ಖರ್ಚು ಕಳೆದು ಮಿಕ್ಕದ್ದು ಅರಸನ ಹೆಸರಿನಲ್ಲಿ ದೀನರಿಗೆ ಹೋಗುತ್ತಿತ್ತು. ತನ್ನ ಮನೆಗೆ ಅದರಿಂದ ಒಂದು ಕಾಸನ್ನೂ ಅವನು ತೆಗೆದುಕೊಳ್ಳುತ್ತಿರಲಿಲ್ಲ. ತಾಯ್ನಾಡಿನಿಂದ ತಂದಿದ್ದ 40,000 ಲಾರಿ ನಾಣ್ಯಗಳ ಮೂಲಧನವನ್ನು ವ್ಯಾಪಾರದಲ್ಲಿ ತೊಡಗಿಸಿ, ಮೂಲವನ್ನು ಮುಟ್ಟದೆ, ಲಾಭದಲ್ಲಿಯೇ ಜೀವನ ನಡೆಸುತ್ತಿದ್ದ. ಅದರಲ್ಲಿ ಉಳಿದದ್ದು ಬಂಧುಗಳಿಗೂ ಬಡವರಿಗೂ ಸಲ್ಲುತ್ತಿತ್ತು. ಬಡವರ ಖಜಾನೆಯಲ್ಲಿ ಆ ದಿನ ಸಿಕ್ಕಿದ್ದು ಮೊಹರು ಮಾಡಿದ ಒಂದು ಚೀಲ, ಅದರಲ್ಲಿ 300 ಲಾರಿ. ಮಲಗಲು ಚಾಪೆ, ಅಡಿಗೆಗೆ ಮಣ್ಣಿನ ಮಡಕೆ. ಅರಸನು ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡನು.

ಸುಳ್ಳು ಬರಹವೊಂದು ಪ್ರಾಣ ತೆಗೆಯಿತು. ನಿಜವಾದ ಲೆಕ್ಕ ಮಾನವನ್ನು ಉಳಿಸಿತು. ಗವಾನನ ಗೃಹಕೃತ್ಯದಲ್ಲಿ ಇಂದಿನವರೂ ಕಲಿಯಬಹುದಾದ ಸೂತ್ರಗಳು ಇವೆ. ಹಣದ ಚೀಲಗಳನ್ನು ಬೇರೆಬೇರೆ ಇಡು. ಒಂದರದನ್ನು ಇನ್ನೊಂದಕ್ಕೆ ಬೆರಸಬೇಡ. ಮೂಲವನ್ನು ಮುಟ್ಟದೆ ಫಲವನ್ನು ಉಣ್ಣು. ಪರರ ಪಾಲಿಗೆ ಮೊದಲೇ ಮೊಹರು ಹಾಕು. ಬೀದರಿನಲ್ಲಿ 1472ರಲ್ಲಿ ಅವನು ಕಟ್ಟಿಸಿದ ಮದರಸಾ, 1696ರ ಸಿಡಿಮದ್ದಿನ ಸ್ಫೋಟದಲ್ಲಿ ಅರ್ಧ ಹಾಳಾಗಿಯೂ, ಇಂದಿಗೂ ನಿಂತಿದೆ. ನೋಡಲು ಬಂದವರು ಅದರ ಬಣ್ಣದ ಹೆಂಚನ್ನು ಹೊಗಳುತ್ತಾರೆ. ಅದರ ಒಡೆಯನು ಮಣ್ಣಿನ ಮಡಕೆಯಲ್ಲಿ ಉಂಡವನೆಂಬುದನ್ನೂ ಯಾರಾದರೂ ಅವರಿಗೆ ಹೇಳಬೇಕು.

ಆದರೆ ಇವೆಲ್ಲ ದೊಡ್ಡವರ ಲೆಕ್ಕ. ಫೆರಿಶ್ತಾ ಬರೆದದ್ದು ನೂರಕ್ಕೂ ಹೆಚ್ಚು ವರ್ಷಗಳ ತರುವಾಯ. ಗವಾನನ ಮನೆಯ ವಹಿ ನಮ್ಮ ಕೈಗೆ ಬಂದಿಲ್ಲ. ಸಾಮಾನ್ಯನ ಲೆಕ್ಕ ಯಾವುದಾದರೂ ಉಳಿದಿದೆಯೇ ಎಂದರೆ, ಅದೇ ಕಾಲದ ಬೀದರಿನಿಂದ ಒಂದು ಉಳಿದಿದೆ; ಅದೂ ಪರದೇಶಿಯದು. ರಷ್ಯದ ವರ್ತಕ ಅಫನಾಸಿ ನಿಕಿತಿನ್ 100 ರೂಬಲ್ ಬೆಲೆಯ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಬೀದರಿನಲ್ಲಿ ಮಾರಿದ. ಒಂದು ವರ್ಷ ಅದನ್ನು ಸಾಕಿದ್ದಕ್ಕೆ 68 ಫುತೂನ್ ಖರ್ಚಾಯಿತೆಂದು ತನ್ನ ಪ್ರವಾಸಕಥನದಲ್ಲಿ ಗುರುತು ಹಾಕಿಕೊಂಡಿದ್ದಾನೆ. ಕುದುರೆಯ ಮೇವಿನ ಲೆಕ್ಕವಿಟ್ಟ ಆ ಕಣ್ಣೇ ಇನ್ನೊಂದನ್ನೂ ಕಂಡಿತು: ಇಲ್ಲಿನ ಪ್ರಭುಗಳು ಅತಿ ಸಿರಿವಂತರು, ಹಳ್ಳಿಯ ಜನ ಅತಿ ದರಿದ್ರರು. ಆ ದರಿದ್ರರ ಮನೆಯಲ್ಲಿ ವರ್ಷಕ್ಕೆ ಎಷ್ಟು ಜೋಳ ಬೇಕಾಗುತ್ತಿತ್ತು, ಎಷ್ಟು ಸಿಕ್ಕುತ್ತಿತ್ತು ಎಂದು ಯಾವ ಖಜಾಂಚಿಯನ್ನೂ ಯಾರೂ ಕೇಳಲಿಲ್ಲ.

ಕೇಳಿದವಳು ಒಬ್ಬಳಿದ್ದಳು, ಅವಳೂ ಈ ನಾಡಿನವಳೇ. ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಮಿಕ್ಕದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಅವಳ ಬಳಿ ವಹಿಯಿರಲಿಲ್ಲ, ಅಳತೆಯಿತ್ತು. ಸಾಲದುದನ್ನು ತೂಗಿಸುವ ಜಾಣ್ಮೆಯನ್ನು ಅರ್ಥಶಾಸ್ತ್ರ ಕಲಿಸುತ್ತದೆ; ಸಾಕಾದುದನ್ನು ಗುರುತಿಸುವ ಧೈರ್ಯವನ್ನು ಕಲಿಸಿದವಳು ಲಕ್ಕಮ್ಮ.

ಇನ್ನು ನಮ್ಮ ಹಿರಿಯರ ನೆನಪಿನಲ್ಲಿರುವ ಕಾಲಕ್ಕೆ ಬರೋಣ. ನಿಜಾಮನ ಆಳ್ವಿಕೆಯಲ್ಲಿ ಬೀದರ, ಭಾಲ್ಕಿ, ಔರಾದಗಳ ಗೃಹಸ್ಥನಿಗೆ ಎರಡು ರೂಪಾಯಿಗಳಿದ್ದವು. ಊರಿನದು ಹಾಲಿ ಸಿಕ್ಕಾ. ಗಡಿಯಾಚೆಯ ಬ್ರಿಟಿಷ್ ರೂಪಾಯಿಗೆ ಕಲ್ದಾರ ಎಂದು ಹೆಸರು. 7 ಹಾಲಿಗೆ 6 ಕಲ್ದಾರ. 100 ಹಾಲಿ ಹಿಡಿದು ಸೊಲ್ಲಾಪುರದ ಪೇಟೆಗೆ ಹೋದವನಿಗೆ ಅಲ್ಲಿ ಅದು 85 ರೂಪಾಯಿ 11 ಆಣೆ 5 ಪೈ. ವರ್ಷವೂ ಎರಡು: ಸರ್ಕಾರಿ ಕಾಗದಕ್ಕೆ ಆಜೂರಿನಿಂದ ತೊಡಗುವ ಫಸಲಿ ವರ್ಷ, ಮನೆಯ ಹಬ್ಬಕ್ಕೆ ಚೈತ್ರದಿಂದ ತೊಡಗುವ ಶಕವರ್ಷ. ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ. ಕಚೇರಿಯ ಭಾಷೆ ಉರ್ದು, ಅಂಗಡಿಯ ವಹಿ ಹಲವೆಡೆ ಮೋಡಿ ಲಿಪಿಯಲ್ಲಿ, ಅಡಿಗೆಮನೆಯ ಮಾತು ಕನ್ನಡ. ಸಾಲ ತಂದವನಿಗೆ ತನ್ನ ಹೆಸರಿನ ಕೆಳಗೆ ಏನು ಬರೆದಿದೆಯೆಂದು ಓದಲು ಬಾರದ ಸ್ಥಿತಿ ಅದು. ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮಗೆಲ್ಲ ಗೊತ್ತು. ಅದನ್ನು ಭಾಷಾಭಿಮಾನವೆಂದು ಕೊಂಡಾಡುತ್ತೇವೆ. ತನ್ನ ಸಾಲದ ಪತ್ರವನ್ನು ತಾನೇ ಓದಲು ಕಲಿತ ಮಗನ ತಂದೆಗೆ ಅದು ಅನ್ನದ ಪ್ರಶ್ನೆಯೂ ಆಗಿತ್ತು.

1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿದ ಮೇಲೆ ಹತ್ತು ಹದಿನೈದು ವರ್ಷಗಳೊಳಗೆ ಈ ಮನೆಗಳ ಲೆಕ್ಕವೆಲ್ಲ ಬುಡಮೇಲಾಯಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಹಂತಹಂತವಾಗಿ ಮರೆಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ, ಬೀದರ ಜಿಲ್ಲೆಯ ಉದಗೀರ ಮುಂಬಯಿ ರಾಜ್ಯಕ್ಕೂ ಜಹೀರಾಬಾದ ಆಂಧ್ರಕ್ಕೂ ಸೇರಿದವು. ಔರಾದದವನಿಗೆ ಹತ್ತಿರದ ಪೇಟೆ ಪರರಾಜ್ಯವಾಯಿತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಅದರ ಬೆನ್ನಿಗೇ ಸೇರು ಹೋಗಿ ಕಿಲೋಗ್ರಾಂ ಬಂತು. ಹದಿನಾರರ ಮಗ್ಗಿಯಲ್ಲಿ ಬದುಕಿದ್ದ ಗೃಹಿಣಿ ಹತ್ತರ ಮಗ್ಗಿಗೆ ಹೊರಳಬೇಕಾಯಿತು. ಆಕೆ ಹೊರಳಿದಳು, ಮನೆಗಳು ಮುಳುಗಲಿಲ್ಲ. ಯಾವ ಇತಿಹಾಸದ ಪುಸ್ತಕವೂ ಇದನ್ನು ಸಾಧನೆಯೆಂದು ಬರೆದಿಲ್ಲ.

ಮುಂದೆ ಆ ಗೃಹಿಣಿಯ ಕೈಗೇ ವಹಿ ಬಂದದ್ದು ನಮ್ಮ ಕಾಲದ ಸಂಗತಿ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಅದನ್ನು ಕೈಗೆತ್ತಿಕೊಂಡು ದೇಶದ ಸಹಕಾರಿಗಳ ಗಮನ ಸೆಳೆಯಿತು. ಔರಾದದ ಶಾಸಕರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರು ಆ ಬ್ಯಾಂಕಿನ ಅಧ್ಯಕ್ಷರಾಗಿದ್ದರು. ಹೆಂಗಸರು ವಾರಕ್ಕೊಮ್ಮೆ ಕೂಡಿ, ಉಳಿತಾಯದ ಹಣವನ್ನು ಎಲ್ಲರೆದುರು ಎಣಿಸಿ, ಬರೆದು, ಓದಿ ಹೇಳುತ್ತಾರೆ. ಪೆಟ್ಟಿಗೆಯ ಹಣವೂ ಪುಸ್ತಕದ ಅಂಕಿಯೂ ಸರಿಹೊಂದಿದ ಮೇಲೆಯೇ ಸಭೆ ಏಳುತ್ತದೆ. ಕಲ್ಯಾಣದ ಭಂಡಾರವನ್ನು ಎಣಿಸಿದಾಗ ನಡೆದದ್ದೂ ಇದೇ. ಅಂದು ಲೆಕ್ಕ ಕೇಳಿದವನು ಅರಸ. ಇಂದು ಕೇಳುವವಳು ಪಕ್ಕದ ಮನೆಯಾಕೆ.

ಬೀದರ, ಭಾಲ್ಕಿ, ಔರಾದಗಳ ಹಳೆಯ ಮನೆಗಳ ಅಟ್ಟದಲ್ಲಿ ಕೆಂಪು ಬಟ್ಟೆಯ ರಟ್ಟಿನ ವಹಿಗಳು ಇನ್ನೂ ಇರಬಹುದು: ಜೋಳದ ಧಾರಣೆ, ಮದುವೆಯ ಖರ್ಚು, ದೇವಣಿ ಎತ್ತಿನ ಬೆಲೆ, ತೀರಿದ ಮತ್ತು ತೀರದ ಸಾಲ. ಮನೆ ಕೆಡವುವಾಗ ಅವು ರದ್ದಿಯಂಗಡಿಗೆ ಹೋಗುತ್ತವೆ. ದಯವಿಟ್ಟು ಹಾಗೆ ಮಾಡದಿರಿ. ಮೋಡಿ ಓದಬಲ್ಲ, ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಕೂರಿಸಿಕೊಂಡು ಒಂದು ಪುಟವನ್ನಾದರೂ ಓದಿಸಿ. ಮಹಮೂದ್ ಗವಾನನ ವಹಿ ನಮಗೆ ದೊರೆಯಲಿಲ್ಲ. ನಮ್ಮ ಅಜ್ಜಂದಿರ ವಹಿ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ, ಅದನ್ನು ಕಳೆಯುವವರು ನಾವಾಗುವುದು ಬೇಡ.