ಬೂದಿಯಡಿ ಉಳಿದ ಆದಿಜೀವಿಗಳು

ಸುಮಾರು 54 ಕೋಟಿ ವರ್ಷಗಳ ಹಿಂದಿನ ಕೇಂಬ್ರಿಯನ್ ಯುಗದಿಂದೀಚಿನ ಶಿಲೆಗಳಲ್ಲಿ ಪ್ರಾಣಿಗಳ ಪಳೆಯುಳಿಕೆಗಳು ಹೇರಳ. ಅದಕ್ಕೂ ಹಳೆಯ ಶಿಲೆಗಳು ಬರಿದಾಗಿರುವುದೇಕೆ ಎಂಬುದಕ್ಕೆ ತನ್ನಲ್ಲಿ ಸಮಾಧಾನಕರ ಉತ್ತರವಿಲ್ಲವೆಂದು ಡಾರ್ವಿನ್ 1859ರಲ್ಲೇ ಒಪ್ಪಿಕೊಂಡಿದ್ದ. ಮುಂದೆ ಆಸ್ಟ್ರೇಲಿಯಾ, ಇಂಗ್ಲೆಂಡುಗಳಲ್ಲಿ ಕೆಲವು ಸುಳಿವುಗಳು ಸಿಕ್ಕವು. ದೊಡ್ಡದೊಂದು ಸಾಕ್ಷ್ಯ ದೊರೆತದ್ದು ಭಾರತೀಯ ವಿದ್ಯಾರ್ಥಿಯೊಬ್ಬರಿಗೆ.

ಲಖನೌ ಸಮೀಪದ ಹಳ್ಳಿಯವರಾದ ಶಿವಬಾಲಕ ಮಿಶ್ರಾ ಕೆನಡಾದ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗಾಗಿ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಶಿಲೆಗಳ ನಕ್ಷೆ ತಯಾರಿಸುತ್ತಿದ್ದರು. 1967ರಲ್ಲಿ ಮಿಸ್ಟೇಕನ್ ಪಾಯಿಂಟ್ ಎಂಬಲ್ಲಿ ಬಂಡೆಯ ಮೇಲೆ ಎಲೆಗಳಂಥ, ನೂಲುವ ಕದಿರಿನಂಥ ಅಚ್ಚುಗಳು ಅವರ ಕಣ್ಣಿಗೆ ಬಿದ್ದವು. ಆಕಾರ ಎಲೆಯದಾದರೂ ಇವು ಸಸ್ಯಗಳಲ್ಲ. ಬೆಳಕು ತಲುಪದ ಕಡಲಾಳದಲ್ಲಿ ಬಾಳಿದ ಮೃದುದೇಹಿಗಳು. ಜ್ವಾಲಾಮುಖಿಯ ಬೂದಿ ಮುಚ್ಚಿಕೊಂಡಿದ್ದರಿಂದ ಇದ್ದಲ್ಲೇ ಅಚ್ಚೊತ್ತಿ ಉಳಿದವು. ಮುಂದೆ ಅದೇ ಬೂದಿ ಅವುಗಳ ವಯಸ್ಸನ್ನೂ ಹೇಳಿತು: ಸುಮಾರು 56.5 ಕೋಟಿ ವರ್ಷ.

1968ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಂಡರ್ಸನ್ ಮತ್ತು ಮಿಶ್ರಾ ಅವರ ವರದಿ ಪ್ರಕಟವಾಯಿತು. ಮಿಶ್ರಾ ಸ್ವದೇಶಕ್ಕೆ ಮರಳಿ ಹಳ್ಳಿಯ ಮಕ್ಕಳಿಗಾಗಿ ಶಾಲೆ ತೆರೆದರು. ಕಂಡುಹಿಡಿದು ನಾಲ್ಕು ದಶಕಗಳಾದ ಮೇಲೆ, 2007ರಲ್ಲಿ, ಕದಿರಿನಾಕಾರದ ಜೀವಿಗೆ 'ಫ್ರಾಕ್ಟೋಫ್ಯೂಸಸ್ ಮಿಸ್ರೈ' ಎಂದು ಅವರ ಹೆಸರನ್ನಿಡಲಾಯಿತು. 2016ರಲ್ಲಿ ಆ ತೀರ ವಿಶ್ವ ಪರಂಪರೆಯ ತಾಣವಾಯಿತು. ಪದವಿಗೆಂದು ಮಾಡಿದ ನಕ್ಷೆಯ ಕೆಲಸ ಹೀಗೆ ಜೀವವಿಕಾಸದ ಚರಿತ್ರೆಗೇ ಹೊಸ ಪುಟ ಸೇರಿಸಿತು.